ಆರೂವರೆಗೆ ಬಾಗಿಲು, ಏಳಕ್ಕೆ ಸಿನಿಮಾ

ಪೋಸ್ಟರ್ ಸಾಮಾನ್ಯವಾಗಿ ಲೈಬ್ರರಿಯ ಬಾಗಿಲ ಪಕ್ಕದ ಬೋರ್ಡಿನಲ್ಲಿರುತ್ತದೆ, ಬಾಡಿಗೆ ರೂಮು, ಹಳೇ ಸೈಕಲ್ಲು, ಗಿಟಾರ್ ಪಾಠಗಳ ಚೀಟಿಗಳ ನಡುವೆ. ಕಪ್ಪು-ಬಿಳುಪು ಫೋಟೊದಲ್ಲಿ ತುಂಡು ಚಡ್ಡಿಯ ಹುಡುಗನೊಬ್ಬ ಚೆಂಡು ಹಿಡಿದು ಗಾಳಿಯಲ್ಲಿ ತೇಲಿದ್ದಾನೆ. ಕೆಳಗೆ ನಾಲ್ಕೇ ಸಾಲು: ಉಚಿತ ಪ್ರವೇಶ, ಆರೂವರೆಗೆ ಬಾಗಿಲು, ಏಳಕ್ಕೆ ಸಿನಿಮಾ, ನಂತರ ಸಂವಾದ. ಮೂಲೆಯಲ್ಲೊಂದು ಕ್ಯೂಆರ್ ಕೋಡ್. ಹಾಸನದಿಂದಲೋ ಹುಬ್ಬಳ್ಳಿಯಿಂದಲೋ ಎಂ.ಎಸ್. ಮಾಡಲು ಅಮೆರಿಕಕ್ಕೆ ಬಂದು ಆರು ತಿಂಗಳಾದ ಹುಡುಗಿ ಅದರ ಮುಂದೆ ಅರೆಗಳಿಗೆ ನಿಲ್ಲುತ್ತಾಳೆ. ‘ನಮಗೆ ಗೊತ್ತಿರೋದು ಕ್ರಿಕೆಟ್ಟು, ಇದ್ಯಾಕೆ’ ಅಂದುಕೊಂಡು ಮುಂದೆ ನಡೆಯುತ್ತಾಳೆ.

ಹಾಗೆ ನಡೆದುಬಿಡುವವರೇ ಹೆಚ್ಚು. 2023–24ರ ಲೆಕ್ಕದಂತೆ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯರು 3,31,602; ಅವರಲ್ಲಿ ಕನ್ನಡದ ಮಕ್ಕಳಿಗೆ ಬರವಿಲ್ಲ. ಮಾರ್ಚ್ ತಿಂಗಳಿಡೀ ಊರಿಗೆ ಊರೇ ಹುಚ್ಚೆದ್ದು ನೋಡುವ ಆಟವೊಂದು ಪಕ್ಕದ ಕಟ್ಟಡದಲ್ಲೇ ನಡೆಯುತ್ತಿತ್ತು ಎನ್ನುವುದು ತಿಳಿಯದೆಯೇ ಎರಡು ವರ್ಷ ಕಳೆದು ಡಿಗ್ರಿ ಹಿಡಿದು ಹೊರಬೀಳುತ್ತಾರೆ. ಪಂದ್ಯದ ಟಿಕೆಟ್ಟು ದುಬಾರಿ, ನಿಯಮ ಗೊತ್ತಿಲ್ಲ, ಜತೆಗೆ ಬರುವವರಿಲ್ಲ. ಈ ತೊಡಕು ಯಾವುದೂ ಇಲ್ಲದ ಜಾಗ ಎಂದರೆ ಕಾಲೇಜು ಬ್ಯಾಸ್ಕೆಟ್‌ಬಾಲ್ ಕುರಿತ ಸಾಕ್ಷ್ಯಚಿತ್ರದ ಕ್ಯಾಂಪಸ್ ಪ್ರದರ್ಶನ. ಅದೇ ಚಿತ್ರವನ್ನು ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಮಲಗಿಕೊಂಡೂ ನೋಡಬಹುದು, ಸುಳ್ಳಲ್ಲ. ಆದರೆ ಒಂದು ಕಾಲೇಜಿನ ಕಥೆಯನ್ನು ಆ ಕಾಲೇಜಿನವರ ಮಧ್ಯೆ ಕೂತು ನೋಡುವಾಗ ಅರ್ಧ ಸಿನಿಮಾ ಪಕ್ಕದ ಸೀಟಿನಲ್ಲಿರುತ್ತದೆ.

ಪೋಸ್ಟರ್ ಓದುವುದು

‘ಉಚಿತ’ ಎಂಬ ಪದವನ್ನು ನಂಬಿ ಏಳಕ್ಕೆ ಐದು ನಿಮಿಷ ಇರುವಾಗ ಹೋದವರು ಬಾಗಿಲಲ್ಲೇ ನಿಲ್ಲಬೇಕಾದೀತು. ದುಡ್ಡು ಕೊಡದ ಟಿಕೆಟ್ಟಿಗೆ ಹೆಸರು ಕೊಟ್ಟವರಲ್ಲಿ ಒಂದಷ್ಟು ಜನ ಬರುವುದಿಲ್ಲ ಎಂದು ಸಂಘಟಕರಿಗೆ ಗೊತ್ತು. ಹಾಗಾಗಿ ಸೀಟಿಗಿಂತ ಹೆಚ್ಚು ಹೆಸರು ಬರೆದುಕೊಳ್ಳುವ ಪದ್ಧತಿ ಹಲವೆಡೆ ಇದೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಹೆಸರು ಕೊಟ್ಟರೂ ಸೀಟು ಸಿಗುವುದು ಮೊದಲು ಬಂದವರಿಗೆ. ಶುರುವಾಗಲು ಹತ್ತು-ಹದಿನೈದು ನಿಮಿಷ ಇರುವಾಗ, ಬಾರದವರ ಸೀಟುಗಳನ್ನು ಹೆಸರು ಕೊಡದೆ ಪಕ್ಕದ ಸಾಲಿನಲ್ಲಿ ಕಾಯುತ್ತಿರುವವರಿಗೆ ಬಿಡುತ್ತಾರೆ. ಬಾಗಿಲಲ್ಲಿ ನಿಂತ ವಿದ್ಯಾರ್ಥಿಯ ಕೈಯಲ್ಲಿ ತಲೆ ಎಣಿಸುವ ಪುಟ್ಟ ಕ್ಲಿಕ್ಕರ್ ಇರುತ್ತದೆ. ಹಾಲಿನ ಅಗ್ನಿಶಾಮಕ ಮಿತಿ ಮುನ್ನೂರು ಎಂದಿದ್ದರೆ ಮುನ್ನೂರ ಒಂದನೆಯವರು ಡೀನ್ ಆದರೂ ಹೊರಗೇ. ನಮ್ಮಲ್ಲಿ ಮೆಟ್ಟಿಲ ಮೇಲೆ ಕೂತೋ ಗೋಡೆಗೊರಗಿ ನಿಂತೋ ನಾಟಕ ನೋಡಿದ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ವಿದ್ಯಾರ್ಥಿ ಗುರುತಿನ ಚೀಟಿ ಜೇಬಿನಲ್ಲಿರಲಿ. ಕೆಲವು ಕಡೆ ಅದಿದ್ದರಷ್ಟೇ ಉಚಿತ, ಹೊರಗಿನವರಿಗೆ ಟಿಕೆಟ್.

ಪೋಸ್ಟರಿನ ತೀರಾ ಕೆಳಗಿನ ಲಾಂಛನಗಳನ್ನು ಯಾರೂ ನೋಡುವುದಿಲ್ಲ. ನೋಡಬೇಕಾದ್ದು ಅವನ್ನೇ. ಕ್ರೀಡಾ ವಿಭಾಗವೊಂದೇ ಆಯೋಜಿಸಿದ್ದರೆ ಅದು ಬಹುಪಾಲು ಸಂಭ್ರಮದ ಸಂಜೆ: ಹಳೆಯ ತಂಡದವರು ವೇದಿಕೆಗೆ ಬರುತ್ತಾರೆ, ಕೋಚ್ ಬಗ್ಗೆ ನಾಲ್ಕು ಒಳ್ಳೆಯ ಮಾತಾಡುತ್ತಾರೆ, ಜನ ಎದ್ದುನಿಂತು ಚಪ್ಪಾಳೆ ತಟ್ಟುತ್ತಾರೆ. ಇತಿಹಾಸ ವಿಭಾಗವೋ ಆಫ್ರಿಕನ್-ಅಮೆರಿಕನ್ ಅಧ್ಯಯನ ವಿಭಾಗವೋ ಜತೆಗಿದ್ದರೆ ಸಂವಾದ ಬೇರೆ ದಿಕ್ಕು ಹಿಡಿಯುತ್ತದೆ. ಅಲ್ಲಿ ಯಾರನ್ನು ಆಡಿಸಲಿಲ್ಲ, ಯಾರಿಗೆ ದುಡ್ಡು ಹೋಯಿತು ಎಂಬ ಮಾತು ಬರುತ್ತದೆ. ಒಂದೇ ಸಂಜೆಗೆ ಬಿಡುವಿದ್ದರೆ ಎರಡನೆಯದನ್ನು ಆರಿಸಿಕೊಳ್ಳುವುದು ಲೇಸು.

ಕಾಲೇಜು ಬ್ಯಾಸ್ಕೆಟ್‌ಬಾಲ್ ಋತು ನವೆಂಬರಿನಿಂದ ಏಪ್ರಿಲ್ ಮೊದಲ ವಾರದವರೆಗೆ. ಕಪ್ಪು ಜನರ ಇತಿಹಾಸಕ್ಕೆ ಮೀಸಲಾದ ಫೆಬ್ರವರಿಯಲ್ಲೂ, ಮಹಿಳೆಯರ ಇತಿಹಾಸದ ಮಾರ್ಚಿನಲ್ಲೂ ಇಂಥ ಪ್ರದರ್ಶನಗಳು ಹೆಚ್ಚು. ಹಳೆಯ ವಿದ್ಯಾರ್ಥಿಗಳು ಊರಿಗೆ ಮರಳುವ ಶರತ್ಕಾಲದ ವಾರಾಂತ್ಯಗಳೂ ಇದಕ್ಕೆ ಹೇಳಿ ಮಾಡಿಸಿದವು. ಅಂದರೆ ಬಹುಪಾಲು ಚಳಿಗಾಲ. ಹಾಲಿನ ಒಳಗೆ ಹೀಟರಿನ ಸೆಕೆ, ಹೊರಗೆ ಹಿಮ. ಮೊಣಕಾಲವರೆಗಿನ ಕೋಟನ್ನು ಮಡಿಲಲ್ಲಿ ಇಟ್ಟುಕೊಂಡು ಮೂರು ಗಂಟೆ ಕೂರುವುದು ಸುಲಭವಲ್ಲ. ಹೊರಗೆ ಕೋಟು ನೇತುಹಾಕುವ ಜಾಗ ಇದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಅರ್ಧ ಗಂಟೆಯ ಹೋಂವರ್ಕ್

ಆಟದ ನಿಯಮವೆಲ್ಲ ಕಲಿಯಬೇಕಿಲ್ಲ. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಕಾಲೇಜಿನಲ್ಲಿ ಎಂಬುದರಿಂದ ಶುರುಮಾಡಿದರೆ ಸಾಕು. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟರು, ಚಳಿಗಾಲದಲ್ಲಿ ಒಳಗೇ ಆಡಿಸಲು ಏನಾದರೂ ಬೇಕೆಂದು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೊಳೆ ಹೊಡೆದು ಎತ್ತರಕ್ಕೆ ನಿಲ್ಲಿಸಿದರು. ಮುಂದೆ ಅವರು ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಕೋಚ್ ಆದರು. 55 ಗೆಲುವು, 60 ಸೋಲು. ಆ ವಿಶ್ವವಿದ್ಯಾಲಯದ ಪುರುಷರ ತಂಡದ ಕೋಚ್‌ಗಳಲ್ಲಿ ಗೆಲುವಿಗಿಂತ ಸೋಲೇ ಹೆಚ್ಚಿರುವುದು ಆಟ ಕಂಡುಹಿಡಿದವರೊಬ್ಬರದೇ ಎಂಬುದು ಅಲ್ಲಿನ ಹಳೆಯ ತಮಾಷೆ. ಭಾರತಕ್ಕೆ ಆಟ ಬಂದದ್ದೂ ವೈಎಂಸಿಎ ದಾರಿಯಲ್ಲೇ. 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜು ತೆರೆದ ಹ್ಯಾರಿ ಬಕ್ ಅದೇ ಸಂಸ್ಥೆಯವರು.

ಕಾಲೇಜುಗಳ ಕ್ರೀಡೆಯನ್ನು ನಡೆಸುವುದು ಎನ್‌ಸಿಎಎ. ಅದರ ಪುರುಷರ ಪಂದ್ಯಾವಳಿ 1939ರಲ್ಲಿ 8 ತಂಡಗಳಿಂದ ಶುರುವಾಯಿತು, 1985ರಲ್ಲಿ 64ಕ್ಕೆ ಏರಿತು, 2011ರಲ್ಲಿ 68 ಆಯಿತು. ಇದರಲ್ಲಿ ಒಂದು ಸಲ ಸೋತರೆ ಮನೆಗೆ. ಐಪಿಎಲ್‌ನಂತೆ ಪಾಯಿಂಟ್ಸ್ ಟೇಬಲ್ ನೋಡಿಕೊಂಡು ಲೆಕ್ಕ ಹಾಕುವ ಅವಕಾಶವೇ ಇಲ್ಲ. ಈ ಆಟದ ಸಾಕ್ಷ್ಯಚಿತ್ರಗಳಲ್ಲಿ ಕಟ್ಟುಮಸ್ತಾದ ಆರೂವರೆ ಅಡಿ ಹುಡುಗರು ಟವೆಲಿನಲ್ಲಿ ಮುಖ ಮುಚ್ಚಿ ಅಳುವ ದೃಶ್ಯ ಯಾಕಷ್ಟು ಸಲ ಬರುತ್ತದೆ ಎಂಬುದಕ್ಕೆ ಇದೇ ಕಾರಣ. ಅವರಲ್ಲಿ ಬಹುತೇಕರಿಗೆ ಅದೇ ಜೀವನದ ಕೊನೆಯ ದೊಡ್ಡ ಪಂದ್ಯ.

ಇನ್ನೊಂದು ಪದ ನೆನಪಿಡಬೇಕು: ‘ಸ್ಟೂಡೆಂಟ್-ಅಥ್ಲೀಟ್’. ಕೇಳಲು ಸೊಗಸಾಗಿದೆ. ಎನ್‌ಸಿಎಎಯ ಮುಖ್ಯಸ್ಥರಾಗಿದ್ದ ವಾಲ್ಟರ್ ಬೈಯರ್ಸ್ ಕಾಲದಲ್ಲಿ, 1950ರ ದಶಕದಲ್ಲಿ ಇದು ಬಳಕೆಗೆ ಬಂತು. ಆಡುವಾಗ ಗಾಯಗೊಂಡ ಹುಡುಗರನ್ನು ‘ನೌಕರರು’ ಎಂದು ಕೋರ್ಟು ಪರಿಗಣಿಸಿ ಪರಿಹಾರ ಕೊಡಿಸೀತು ಎಂಬ ಅಂಜಿಕೆ ಅದರ ಹಿಂದಿತ್ತು. ಚಿತ್ರದಲ್ಲಿ ಈ ಪದ ಯಾರ ಬಾಯಲ್ಲಿ ಬರುತ್ತದೆ, ಹೇಳುವಾಗ ಅವರ ಮುಖ ಹೇಗಿರುತ್ತದೆ ಎಂದು ಗಮನಿಸಿದರೆ ನಿರ್ದೇಶಕರ ನಿಲುವು ತಿಳಿದುಹೋಗುತ್ತದೆ.

ಯಾವ ಚಿತ್ರಕ್ಕೆ ಹೋಗುವುದು

ಮೊದಲ ಸಲಕ್ಕೆ ‘ದಿ ಲೊಯೋಲಾ ಪ್ರಾಜೆಕ್ಟ್’ಗಿಂತ ಒಳ್ಳೆಯ ಆಯ್ಕೆ ಇಲ್ಲ. ಪ್ಯಾಟ್ರಿಕ್ ಕ್ರೀಡನ್ ನಿರ್ದೇಶನದ ಈ ಚಿತ್ರ 2022ರಲ್ಲಿ ಬಂತು. ನಿರೂಪಣೆ ಶಿಕಾಗೊದ ಲೊಯೋಲಾ ವಿಶ್ವವಿದ್ಯಾಲಯದ ಆಗಿನ ಆಟಗಾರ ಲೂಕಸ್ ವಿಲಿಯಮ್ಸನ್ ಅವರದು. ಅಂದರೆ ಇಂದಿನ ಹುಡುಗನೊಬ್ಬ ತನ್ನದೇ ಕಾಲೇಜಿನ 1963ರ ತಂಡವನ್ನು ಹುಡುಕಿಕೊಂಡು ಹೋಗುವ ಕಥೆ.

ಆ ವರ್ಷ ಲೊಯೋಲಾದ ಮೊದಲ ಐವರಲ್ಲಿ ನಾಲ್ವರು ಕಪ್ಪು ಆಟಗಾರರು. ಕಪ್ಪು ಹುಡುಗರನ್ನು ಇಷ್ಟೇ ಜನ ಆಡಿಸಬೇಕು ಎಂಬ ಬರೆಯದ ಕಟ್ಟಳೆ ಇದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಅತ್ತ ದಕ್ಷಿಣದ ಮಿಸಿಸಿಪಿ ಸ್ಟೇಟ್ ತಂಡದ್ದು ಇನ್ನೊಂದು ಬಗೆಯ ಕಥೆ. ಕಪ್ಪು ಆಟಗಾರರಿರುವ ತಂಡದ ಎದುರು ಆಡಬಾರದು ಎಂಬ ರಾಜ್ಯದ ಅಲಿಖಿತ ನಿಯಮದಿಂದಾಗಿ 1959, 1961, 1962ರಲ್ಲಿ ತನ್ನ ವಲಯದಲ್ಲಿ ಗೆದ್ದೂ ರಾಷ್ಟ್ರೀಯ ಪಂದ್ಯಾವಳಿಗೆ ಹೋಗದೆ ಮನೆಯಲ್ಲೇ ಕುಳಿತಿತ್ತು. 1963ರಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷ ಡೀನ್ ಕಾಲ್ವರ್ಡ್ ‘ಹೋಗಲಿ’ ಎಂದರು. ತಡೆಯಲು ಕೋರ್ಟಿನಿಂದ ತಡೆಯಾಜ್ಞೆ ಬಂತು. ಆದೇಶ ಕೈಗೆ ಸೇರುವ ಮೊದಲೇ ಕೋಚ್ ಬೇಬ್ ಮೆಕಾರ್ಥಿ ರಾಜ್ಯದ ಗಡಿ ದಾಟಿದರು. ಬದಲಿ ಆಟಗಾರರನ್ನು ಮೊದಲು ವಿಮಾನ ನಿಲ್ದಾಣಕ್ಕೆ ಕಳಿಸಿ, ದಾರಿ ಸಲೀಸಾಗಿದೆ ಎಂದು ಖಾತ್ರಿಯಾದ ಮೇಲೆ ಉಳಿದವರು ಹಿಂದೆ ಬಂದರು. ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಹೊರಟವರು ಊರು ಬಿಟ್ಟು ಓಡುವ ಪ್ರೇಮಿಗಳಂತೆ ಹೊರಡಬೇಕಾಯಿತು.

ಮಾರ್ಚ್ 15, ಮಿಶಿಗನ್‌ನ ಈಸ್ಟ್ ಲ್ಯಾನ್ಸಿಂಗ್. ಆಟ ಶುರುವಾಗುವ ಮುನ್ನ ಲೊಯೋಲಾ ನಾಯಕ ಜೆರಿ ಹಾರ್ಕ್‌ನೆಸ್, ಮಿಸಿಸಿಪಿಯ ನಾಯಕ ಜೋ ಡ್ಯಾನ್ ಗೋಲ್ಡ್ ಅಂಕಣದ ನಡುವೆ ಕೈಕುಲುಕಿದರು. ಕ್ಯಾಮೆರಾಗಳ ಬಲ್ಬುಗಳು ಒಂದೇ ಸಮನೆ ಮಿಂಚಿದವು. ಆ ಬೆಳಕಿನಲ್ಲೇ ತನಗೆ ಇದು ಬರೀ ಪಂದ್ಯವಲ್ಲ ಅನ್ನಿಸಿತು ಎಂದು ಹಾರ್ಕ್‌ನೆಸ್ ಮುಂದೆ ಎಷ್ಟೋ ಸಲ ಹೇಳಿಕೊಂಡರು. ಲೊಯೋಲಾ 61–51ರಿಂದ ಗೆದ್ದಿತು. ಎಂಟು ದಿನಕ್ಕೆ ಲೂಯಿವಿಲ್‌ನಲ್ಲಿ ಫೈನಲ್. ಎದುರಾಳಿ ಸಿನ್ಸಿನಾಟಿ ಸತತ ಮೂರನೇ ಪ್ರಶಸ್ತಿಯ ತವಕದಲ್ಲಿತ್ತು. ದ್ವಿತೀಯಾರ್ಧದಲ್ಲಿ 15 ಪಾಯಿಂಟ್ ಹಿಂದೆ ಬಿದ್ದಿದ್ದ ಲೊಯೋಲಾ ಸಮ ಮಾಡಿತು. ಹೆಚ್ಚುವರಿ ಸಮಯದ ಕೊನೆಯ ಕ್ಷಣದಲ್ಲಿ ವಿಕ್ ರೌಸ್ ಮರುಚೆಂಡನ್ನು ಬುಟ್ಟಿಗೆ ಹಾಕಿದರು. 60–58. ಆ 45 ನಿಮಿಷವೂ ಲೊಯೋಲಾ ಆಡಿಸಿದ್ದು ಅದೇ ಐವರನ್ನು, ಒಬ್ಬರನ್ನೂ ಬದಲಿಸಲಿಲ್ಲ.

ಕೈಕುಲುಕಿನ ಆ ಫೋಟೊ ಪರದೆಯ ಮೇಲೆ ಬಂದಾಗ ನೋಡಬೇಕಾದದ್ದು ಹಾಲನ್ನು. ಎಪ್ಪತ್ತು-ಎಂಬತ್ತರ ಹಿರಿಯರಿರುವ ಸಾಲು ಒಮ್ಮೆಲೇ ಮೌನವಾಗುತ್ತದೆ. ಹಿಂದೆ ಕೂತ ಹತ್ತೊಂಬತ್ತರ ಹುಡುಗರು ‘ಕೈ ಕುಲುಕಿದ್ದಕ್ಕೆ ಇಷ್ಟೆಲ್ಲಾನಾ?’ ಎಂಬಂತೆ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಲ್ಯಾಪ್‌ಟಾಪಿನಲ್ಲಿ ಇದು ಸಿಗುವುದಿಲ್ಲ. ಮುಟ್ಟುವುದು ಎಂಬುದಕ್ಕೆ ಎಂಥ ಭಾರ ಇರಬಲ್ಲದು ಎಂದು ತಿಳಿಯಲು ನಮ್ಮ ಕಡೆಯವರಿಗೆ ಟಿಪ್ಪಣಿ ಬೇಕಾಗದು.

ಸಮಯ ಕಡಿಮೆ ಇದ್ದವರಿಗೆ ‘ದಿ ಕ್ವೀನ್ ಆಫ್ ಬ್ಯಾಸ್ಕೆಟ್‌ಬಾಲ್’ ಇದೆ, ಬರೀ 22 ನಿಮಿಷ. ಇದನ್ನು ತೋರಿಸುವ ಸಂಜೆಗಳಲ್ಲಿ ಸಂವಾದವೇ ಚಿತ್ರಕ್ಕಿಂತ ಉದ್ದ. ಮಿಸಿಸಿಪಿಯ ಮಿಂಟರ್ ಸಿಟಿ ಎಂಬ ಹಳ್ಳಿಯ ಲೂಷಾ ಹ್ಯಾರಿಸ್, ಆರಡಿ ಮೂರಂಗುಲದ ಹುಡುಗಿ, ಡೆಲ್ಟಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ 1975, 76, 77ರಲ್ಲಿ ಸತತ ಮೂರು ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಬಂದಾಗ ಮೊಟ್ಟಮೊದಲ ಬುಟ್ಟಿ ಹಾಕಿದ್ದು ಅವರೇ. 1977ರಲ್ಲಿ ಗಂಡಸರ ವೃತ್ತಿಪರ ಲೀಗ್ ಎನ್‌ಬಿಎಯ ನ್ಯೂ ಆರ್ಲಿಯನ್ಸ್ ಜಾಜ್ ತಂಡ, ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟಿನಲ್ಲಿ ಅವರ ಹೆಸರು ಕೂಗಿತು. ಗರ್ಭಿಣಿಯಾಗಿದ್ದ ಅವರು ಹೋಗಲಿಲ್ಲ. ಮಹಿಳೆಯರ ಡಬ್ಲ್ಯುಎನ್‌ಬಿಎ ಆಟ ಶುರುವಾದದ್ದು 1997ರಲ್ಲಿ. ಅಷ್ಟೊತ್ತಿಗೆ ಅವರ ಕಾಲ ಮುಗಿದಿತ್ತು. ನಿರ್ದೇಶಕ ಬೆನ್ ಪ್ರೌಡ್‌ಫುಟ್ ಹೆಚ್ಚು ಕಸರತ್ತು ಮಾಡಿಲ್ಲ. ವಯಸ್ಸಾದ ಹ್ಯಾರಿಸ್ ಕ್ಯಾಮೆರಾದ ಎದುರು ಕೂತು, ಕ್ಯಾಮೆರಾವನ್ನೇ ನೋಡುತ್ತ ಮಾತಾಡುತ್ತಾರೆ, ಆಗಾಗ ಗಲಗಲ ನಗುತ್ತಾರೆ. ಆ ನಗುವಿಗೆ ಹಾಲಿಗೆ ಹಾಲೇ ನಗುತ್ತದೆ, ನಕ್ಕಮೇಲೆ ಯಾಕೋ ಸುಮ್ಮನಾಗುತ್ತದೆ. ಚಿತ್ರಕ್ಕೆ 2022ರ ಮಾರ್ಚಿನಲ್ಲಿ ಆಸ್ಕರ್ ಬಂತು. ಹ್ಯಾರಿಸ್ ಅದೇ ವರ್ಷದ ಜನವರಿ 18ರಂದು ತೀರಿಕೊಂಡಿದ್ದರು.

‘ದಿ ಫ್ಯಾಬ್ ಫೈವ್’ ಇನ್ನೊಂದು ರುಚಿಯದು. 1991ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯ ಸೇರಿದ ಐವರು ಹುಡುಗರು ಜೋಲುಚಡ್ಡಿ, ಕಪ್ಪು ಸಾಕ್ಸ್, ಬೋಳುತಲೆಯಲ್ಲಿ ಬಂದು ಆಟದ ನಡೆನುಡಿಯನ್ನೇ ಬದಲಿಸಿದರು. ಜೇಸನ್ ಹೇರ್ ನಿರ್ದೇಶಿಸಿ 2011ರಲ್ಲಿ ಇಎಸ್‌ಪಿಎನ್ ತೋರಿಸಿದ ಚಿತ್ರ. ಇದಕ್ಕೆ ಹೋಗುವವರು ಒಂದು ನಿಯಮ ಮಾತ್ರ ತಿಳಿದಿರಬೇಕು: ತಂಡಕ್ಕೆ ಇಂತಿಷ್ಟೇ ಟೈಮ್‌ಔಟ್. ಅದು ಮುಗಿದ ಮೇಲೂ ಕೇಳಿದರೆ ಅಪರಾಧ. ಎದುರಾಳಿಗೆ ಎರಡು ಫ್ರೀ ಥ್ರೋ, ಜತೆಗೆ ಚೆಂಡು. 1993ರ ಫೈನಲ್‌ನಲ್ಲಿ ನಾರ್ತ್ ಕೆರೊಲೈನಾ ಎದುರು ಎರಡೇ ಪಾಯಿಂಟ್ ಹಿಂದಿದ್ದಾಗ, 11 ಸೆಕೆಂಡ್ ಉಳಿದಿದ್ದಾಗ, ಮೂಲೆಯಲ್ಲಿ ಇಬ್ಬರ ನಡುವೆ ಸಿಕ್ಕಿಬಿದ್ದ ಕ್ರಿಸ್ ವೆಬರ್ ಎರಡೂ ಕೈ ಸೇರಿಸಿ ಟೈಮ್‌ಔಟ್ ಕೇಳಿದರು. ಇರಲಿಲ್ಲ. 77–71, ಕಥೆ ಮುಗಿಯಿತು. ಈ ನಿಯಮ ಗೊತ್ತಿಲ್ಲದವರಿಗೆ ಆ ಗಳಿಗೆಯಲ್ಲಿ ಸುತ್ತಲಿನವರು ತಲೆ ಮೇಲೆ ಕೈ ಹೊತ್ತಿದ್ದು ಯಾಕೆಂದೇ ತಿಳಿಯುವುದಿಲ್ಲ.

ಚಿತ್ರದಲ್ಲಿ ಉಳಿದ ನಾಲ್ವರು ಮಾತಾಡುತ್ತಾರೆ, ವೆಬರ್ ಇಲ್ಲ. ಆಟಗಾರರಿಗೆ ಹೊರಗಿನವರೊಬ್ಬರು ದುಡ್ಡು ಕೊಟ್ಟಿದ್ದ ಪ್ರಕರಣ ಬಯಲಾದ ಮೇಲೆ ವಿಶ್ವವಿದ್ಯಾಲಯ 2002ರಲ್ಲಿ ಆ ಐವರು ಒಟ್ಟಿಗೆ ಆಡಿದ ಎರಡು ವರ್ಷಗಳ ಸಾಧನೆಯ ಧ್ವಜಗಳನ್ನು ಕ್ರೀಡಾಂಗಣದ ಸೂರಿನಿಂದ ಇಳಿಸಿತು; ಅವು ಕ್ಯಾಂಪಸ್ಸಿನ ಬೆಂಟ್ಲಿ ಐತಿಹಾಸಿಕ ಗ್ರಂಥಾಲಯ ಸೇರಿದವು. ಆನ್ ಆರ್ಬರಿನಲ್ಲಿ ಈ ಚಿತ್ರ ನೋಡಿದವರು ಮರುದಿನ ಕ್ರಿಸ್ಲರ್ ಕ್ರೀಡಾಂಗಣದ ಸೂರಿನತ್ತ ಒಮ್ಮೆ ಕಣ್ಣು ಹಾಯಿಸಬಹುದು.

ಉಳಿದವುಗಳ ಬಗ್ಗೆ ಚುಟುಕಾಗಿ. ‘ಸರ್ವೈವ್ ಅಂಡ್ ಅಡ್ವಾನ್ಸ್’ 1983ರಲ್ಲಿ ಯಾರೂ ನಂಬದಿದ್ದ ನಾರ್ತ್ ಕೆರೊಲೈನಾ ಸ್ಟೇಟ್ ತಂಡ ಹ್ಯೂಸ್ಟನ್ ತಂಡವನ್ನು ಕೊನೆಯ ಸೆಕೆಂಡಿನಲ್ಲಿ 54–52ರಿಂದ ಸೋಲಿಸಿದ ಕಥೆ. ಕೋಚ್ ಜಿಮ್ ವಾಲ್ವಾನೊ ಅಪ್ಪಿಕೊಳ್ಳಲು ಯಾರಾದರೂ ಸಿಗುತ್ತಾರಾ ಎಂದು ಅಂಕಣದ ತುಂಬ ಓಡಾಡುವ ದೃಶ್ಯ ಅದರಲ್ಲಿದೆ. ಹತ್ತೇ ವರ್ಷಕ್ಕೆ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ‘ವಿದೌಟ್ ಬಯಸ್’ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಆಟಗಾರ ಲೆನ್ ಬಯಸ್ ಕುರಿತದ್ದು. 1986ರ ಜೂನ್ 17ರಂದು ಎನ್‌ಬಿಎಯ ಬಾಸ್ಟನ್ ತಂಡ ಅವರನ್ನು ಆರಿಸಿಕೊಂಡಿತು, 19ರಂದು ಕೊಕೇನ್‌ನಿಂದ ಹಾಸ್ಟೆಲಿನಲ್ಲೇ ಕುಸಿದು ಹೋದರು. ಮಾರನೆಯ ದಿನ ಪರೀಕ್ಷೆ ಇದ್ದವರು ಇದನ್ನು ನೋಡದಿರುವುದೇ ವಾಸಿ. ‘ಹೂಪ್ ಡ್ರೀಮ್ಸ್’ ಕಾಲೇಜು ಸೇರುವ ಮುಂಚಿನ ದಾರಿಯ ಕಥೆ, ಶಿಕಾಗೊದ ಇಬ್ಬರು ಹುಡುಗರದು. ಪಿಬಿಎಸ್‌ಗಾಗಿ ಅರ್ಧ ಗಂಟೆಯ ಕಿರುಚಿತ್ರ ಎಂದು ಶುರುಮಾಡಿದ್ದನ್ನು ಸ್ಟೀವ್ ಜೇಮ್ಸ್ ಮತ್ತು ಸಂಗಡಿಗರು 250 ಗಂಟೆ ಚಿತ್ರೀಕರಿಸಿ, 1994ರಲ್ಲಿ 170 ನಿಮಿಷಕ್ಕೆ ತಂದು ನಿಲ್ಲಿಸಿದರು. ಇದರ ಅತ್ಯುತ್ತಮ ದೃಶ್ಯದಲ್ಲಿ ಚೆಂಡೇ ಇಲ್ಲ: ಅವರಲ್ಲೊಬ್ಬನಾದ ಆರ್ಥರ್ ಏಜಿಯ ತಾಯಿ ಶೀಲಾ, ಮನೆಯ ಎಲ್ಲ ಕಷ್ಟದ ನಡುವೆ ನರ್ಸಿಂಗ್ ಸಹಾಯಕಿ ತರಬೇತಿಯಲ್ಲಿ ತರಗತಿಗೇ ಮೊದಲಿಗರಾಗಿ, ಅದನ್ನು ಕೇಳಿ ತಾವೇ ನಂಬಲಾರದೆ ಅಳುತ್ತಾರೆ. ಇದಕ್ಕೆ ಹೋಗುವವರು ಊಟ ಮುಗಿಸಿ ಹೋಗಬೇಕು. ಮೂರು ಗಂಟೆಗೆ ಪಾಪ್‌ಕಾರ್ನ್ ಸಾಲದು.

ಹಾಲಿನ ಒಳಗೆ

ಮಧ್ಯದ ಸಾಲಿನ ನಡುವಿನ ಸೀಟು ಸಿನಿಮಾಕ್ಕೆ ಒಳ್ಳೆಯದು. ಇಂಥ ಸಂಜೆಗೆ ಅಲ್ಲ. ಎಡ ಅಥವಾ ಬಲದಂಚಿನಲ್ಲಿ, ಮೂರನೇ ಒಂದು ಭಾಗ ಹಿಂದೆ ಕೂತರೆ ಪರದೆಯೂ ಕಾಣುತ್ತದೆ, ಜನರ ಮುಖವೂ ಅರ್ಧ ಕಾಣುತ್ತದೆ, ಸಂವಾದದ ಮೈಕಿಗೆ ಹೋಗಲೂ ಹತ್ತಿರ. ಮೊದಲೆರಡು ಸಾಲು ಬಹುತೇಕ ಹಳೆಯ ಆಟಗಾರರಿಗೆ, ಅವರ ಮನೆಯವರಿಗೆ ಕಾದಿರಿಸಿದ್ದು. ಸೀಟಿನ ಮೇಲೆ ಕಾಗದ ಅಂಟಿಸಿರುತ್ತಾರೆ. ಹಿಂದಿನ ದಿನದ ಆಟವನ್ನೇ ಮಾತಾಡಿಕೊಳ್ಳುತ್ತ ಬರುವ ಇಂದಿನ ತಂಡದ ಹುಡುಗರ ಹಿಂದೆ ಮಾತ್ರ ಕೂರಬಾರದು. ಆರಡಿ ಎಂಟಂಗುಲದ ಬೆನ್ನು ಅಡ್ಡ ಬಂದರೆ ಪರದೆಯ ಅರ್ಧ ಮರೆ.

ಫೋನಿನಲ್ಲಿ ಪರದೆ ಚಿತ್ರೀಕರಿಸುವುದು ನಿಷಿದ್ಧ, ಅದನ್ನು ಆರಂಭದಲ್ಲೇ ಹೇಳುತ್ತಾರೆ. ಚಪ್ಪಾಳೆ, ಶಿಳ್ಳೆ, ಎದುರಾಳಿ ಕೋಚ್ ಕಂಡಾಗ ‘ಬೂ’ ಎನ್ನುವುದು ಇವೆಲ್ಲ ನಡೆಯುತ್ತವೆ. ನಲವತ್ತು ವರ್ಷ ಹಿಂದೆ ಮುಗಿದ ಪಂದ್ಯವಾದರೂ ಗೆಲುವಿನ ಬುಟ್ಟಿ ಬಿದ್ದಾಗ ಹಾಲು ಎದ್ದು ನಿಲ್ಲುತ್ತದೆ. ರಾಜಕುಮಾರ್ ಸಿನಿಮಾದ ಮರುಬಿಡುಗಡೆಗೆ ಹೋದವರಿಗೆ ಇದು ಹೊಸದಲ್ಲ.

ಹಲವು ಚಿತ್ರಗಳಲ್ಲಿ ಮಾತು ಬೇಗ, ಉಚ್ಚಾರಣೆ ಅಮೆರಿಕದ ದಕ್ಷಿಣದ್ದು. ಟೆಕ್ಸಸ್, ಮಿಸಿಸಿಪಿಯ ಹಿರಿಯರ ಇಂಗ್ಲಿಷ್ ಮೊದಲ ಹತ್ತು ನಿಮಿಷ ತಲೆಗೆ ಹೋಗದಿದ್ದರೆ ಗಾಬರಿಯಾಗಬೇಕಿಲ್ಲ. ಪರದೆಯ ಮೇಲೆ ಅಕ್ಷರ ಬರುವಂತೆ ಮಾಡಿ ಎಂದು ಸಂಘಟಕರಿಗೆ ಎರಡು-ಮೂರು ದಿನ ಮೊದಲು ಮಿಂಚಂಚೆ ಬರೆದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಊರಿನಿಂದ ಅಪ್ಪ-ಅಮ್ಮ ಬಂದಿರುವಾಗ ಇದನ್ನು ಖಂಡಿತ ಕೇಳಬೇಕು. ಮಗ ಆಫೀಸಿಗೆ ಹೋದ ಮೇಲೆ ಕಿಟಕಿಯಲ್ಲಿ ಹಿಮ ನೋಡುತ್ತ ಕೂತಿರುವ ಹಿರಿಯರಿಗೆ ಕ್ಯಾಂಪಸ್ಸಿನ ಇಂಥ ಸಂಜೆ ಮಾಲ್ ಸುತ್ತುವುದಕ್ಕಿಂತ ಎಷ್ಟೋ ಪಾಲು ಮೇಲು. ಮಗನನ್ನು ಓದಿಸಲು ಒದ್ದಾಡುವ ಶೀಲಾ ಏಜಿಯ ಮುಖ ನೋಡಲು ಅಮ್ಮನಿಗೆ ಆಟದ ನಿಯಮ ಬೇಕಿಲ್ಲ.

ದೀಪ ಹತ್ತಿದ ಕೂಡಲೇ ಅರ್ಧ ಜನ ಎದ್ದು ಹೊರಡುತ್ತಾರೆ. ಬಂದ ಕೆಲಸದ ಅರ್ಧ ಬಾಕಿ ಇರುವುದು ಆಗಲೇ. ಸಂವಾದದಲ್ಲಿ ‘ನಾನೂ ಆ ವರ್ಷ ಇಲ್ಲೇ ಓದುತ್ತಿದ್ದೆ’ ಎಂದು ಶುರುಮಾಡಿ ಪ್ರಶ್ನೆಯೇ ಇಲ್ಲದೆ ಐದು ನಿಮಿಷ ಮಾತಾಡುವ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಮಾತಿನಲ್ಲಿ ಚಿತ್ರದಲ್ಲಿಲ್ಲದ ಸಂಗತಿಯೊಂದು ಸಿಗುವುದುಂಟು. ಹೊರದೇಶದ ವಿದ್ಯಾರ್ಥಿಯ ಪ್ರಶ್ನೆಗೆ ಅಲ್ಲಿ ವಿಶೇಷ ಗಮನ. ಎಲ್ಲರಿಗೂ ಗೊತ್ತಿದೆ ಎಂದುಕೊಂಡು ಯಾರೂ ಕೇಳದಿರುವುದನ್ನು ಅವರು ಕೇಳಬಲ್ಲರು. ಉದಾಹರಣೆಗೆ, ಆ ಆಟಗಾರರಲ್ಲಿ ಎಷ್ಟು ಜನ ಡಿಗ್ರಿ ಮುಗಿಸಿದರು? ಸಿನಿಮಾ ಮಾಡಲು ಹಳೆಯ ಪಂದ್ಯದ ದೃಶ್ಯಗಳಿಗೆ ದುಡ್ಡು ಯಾರಿಗೆ ಹೋಯಿತು? ಚಿತ್ರದಲ್ಲಿ ಮಾತಾಡಲು ಒಪ್ಪದವರು ಯಾರು? ಕೊನೆಯ ಪ್ರಶ್ನೆಗೆ ನಿರ್ದೇಶಕರು ಸ್ವಲ್ಪ ತಡೆದು ಉತ್ತರಿಸುತ್ತಾರೆ.

ದುಡ್ಡಿನ ಮಾತು ಬಂದೇ ಬರುತ್ತದೆ. 2010ರಲ್ಲಿ ಪುರುಷರ ಪಂದ್ಯಾವಳಿಯ 14 ವರ್ಷಗಳ ಟಿವಿ ಹಕ್ಕು 10.8 ಶತಕೋಟಿ ಡಾಲರಿಗೆ ಹೋಯಿತು. ಆಡುವ ಹುಡುಗರಿಗೆ ಆಗ ಸಿಗುತ್ತಿದ್ದುದು ವಿದ್ಯಾರ್ಥಿವೇತನ. ಯುಸಿಎಲ್‌ಎಯ ಹಳೆಯ ಆಟಗಾರ ಎಡ್ ಒಬ್ಯಾನನ್ ವಿಡಿಯೊ ಗೇಮ್ ಒಂದರಲ್ಲಿ ತನ್ನನ್ನೇ ಹೋಲುವ ಆಟಗಾರನನ್ನು ಕಂಡು 2009ರಲ್ಲಿ ಕೋರ್ಟಿಗೆ ಹೋದರು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖದಿಂದ ಜಾಹೀರಾತಿನಲ್ಲಿ ಸಂಪಾದಿಸಬಹುದು. 2025ರ ಕೋರ್ಟ್ ರಾಜಿ ಒಪ್ಪಂದದ ಬಳಿಕ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ದುಡ್ಡು ಹಂಚಬಹುದು; ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಹಾಗಾಗಿ ‘ಫ್ಯಾಬ್ ಫೈವ್’ ನೋಡಿ ಹೊರಬಂದ ಇಂದಿನ ಹುಡುಗರಿಗೆ, ಅಂದು ಧ್ವಜ ಇಳಿಸುವಷ್ಟು ದೊಡ್ಡ ತಪ್ಪು ಏನಾಗಿತ್ತು ಎಂದು ವಿವರಿಸುವುದೇ ಕಷ್ಟ. ವೇದಿಕೆಯ ಹಿರಿಯ ಮತ್ತು ಹಾಲಿನ ಕಿರಿಯರ ನಡುವೆ ಆ ರಾತ್ರಿ ಮಾತು ಬಿಸಿಯಾದರೆ ಅದು ಇಲ್ಲೇ.

ತಾವೇ ತೋರಿಸುವುದಾದರೆ

ನೋಡಿ ಬಂದವರಿಗೆ ‘ನಮ್ಮ ಕನ್ನಡ ಕೂಟದಲ್ಲೂ ಒಂದು ತೋರಿಸೋಣ’ ಎನಿಸುವುದು ಸಹಜ. ಇಲ್ಲಿ ಎಚ್ಚರ ಬೇಕು. ಒಬ್ಬರ ನೆಟ್‌ಫ್ಲಿಕ್ಸ್ ಖಾತೆಯನ್ನು ಪ್ರೊಜೆಕ್ಟರಿಗೆ ಜೋಡಿಸಿ ನೂರು ಜನಕ್ಕೆ ತೋರಿಸುವುದು, ಟಿಕೆಟ್ ಇಡದಿದ್ದರೂ, ಸಾರ್ವಜನಿಕ ಪ್ರದರ್ಶನವೇ. ಅಮೆರಿಕದ ಕೃತಿಸ್ವಾಮ್ಯ ಕಾನೂನು ತರಗತಿಯಲ್ಲಿ ಮೇಷ್ಟರು ಪಾಠದ ಭಾಗವಾಗಿ ಎದುರೆದುರೇ ತೋರಿಸುವುದಕ್ಕೆ ವಿನಾಯಿತಿ ಕೊಡುತ್ತದೆ, ಸಂಘದ ಸಂಜೆ ಕಾರ್ಯಕ್ರಮಕ್ಕೆ ಕೊಡುವುದಿಲ್ಲ. ಅದಕ್ಕೆ ಪ್ರದರ್ಶನ ಹಕ್ಕು ಕೊಳ್ಳಬೇಕು. ಸ್ವಾಂಕ್ ಮೋಷನ್ ಪಿಕ್ಚರ್ಸ್‌ನಂಥ ಕಂಪನಿಗಳು ಕಾಲೇಜುಗಳಿಗೆ ಅದನ್ನು ಮಾರುತ್ತವೆ. ಖರ್ಚಿಗೆ ಹೆದರುವ ಮೊದಲು ಕ್ಯಾಂಪಸ್ ಲೈಬ್ರರಿಯವರನ್ನು ವಿಚಾರಿಸುವುದು ಒಳ್ಳೆಯದು: ಕೆಲವು ಚಿತ್ರಗಳ ಹಕ್ಕು ಅವರ ಬಳಿ ಮೊದಲೇ ಇರುತ್ತದೆ. ಕ್ಯಾನೊಪಿ ಎಂಬ ತಾಣದ ಮೂಲಕ ವಿದ್ಯಾರ್ಥಿಗಳು ಎಷ್ಟೋ ಸಾಕ್ಷ್ಯಚಿತ್ರಗಳನ್ನು ದುಡ್ಡಿಲ್ಲದೆ ನೋಡಬಹುದು.

ಕರ್ನಾಟಕದ ಕಾಲೇಜುಗಳಿಗೆ ದಾರಿ ಇನ್ನೂ ಸಲೀಸು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನು ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರಷ್ಟೇ ನೋಡುವಂತೆ ಚಿತ್ರ ತೋರಿಸಲು ಅವಕಾಶ ಕೊಟ್ಟಿದೆ. 2017 ಮತ್ತು 2019ರಲ್ಲಿ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಏಷ್ಯಾ ಕಪ್ ಬೆಂಗಳೂರಿಗೆ ಬಂದಿತ್ತು. ಕಾಲೇಜು ಅಂಗಳದಲ್ಲಿ ಸಂಜೆ ಚೆಂಡು ಬಡಿಯುವ ಸದ್ದು ಮಂಡ್ಯ, ಮೈಸೂರಿನವರಿಗೂ ಹೊಸದಲ್ಲ. ತಂಡದ ಹುಡುಗಿಯರಿಗೆ ತೋರಿಸಲು ಚಿತ್ರ ಹುಡುಕುವ ದೈಹಿಕ ಶಿಕ್ಷಣ ಮೇಷ್ಟರಿಗೆ ಲೂಷಾ ಹ್ಯಾರಿಸ್ ಸಾಕು. ಪೀರಿಯಡ್ ಒಂದರಲ್ಲಿ ಮುಗಿದು ಮಾತಿಗೂ ಸಮಯ ಉಳಿಯುತ್ತದೆ.

ಮರಳುವ ಬಸ್ಸಿನ ವೇಳೆಯನ್ನು ಮೊದಲೇ ನೋಡಿಟ್ಟಿರಬೇಕು. ಏಳಕ್ಕೆ ಶುರುವಾದದ್ದು ಸಂವಾದ ಮುಗಿಯುವಾಗ ಹತ್ತು ದಾಟುತ್ತದೆ, ಕ್ಯಾಂಪಸ್ ಬಸ್ಸುಗಳು ಆ ಹೊತ್ತಿಗೆ ಅರ್ಧ ಗಂಟೆಗೊಂದು. ಸೀಟು ಸಿಗದೆ ಬಾಗಿಲಿಂದಲೇ ವಾಪಸಾದವರು ಏಳರ ಹೊತ್ತಿಗೇ ಅದೇ ನಿಲ್ದಾಣದಲ್ಲಿ ಕೈ ಉಜ್ಜಿಕೊಳ್ಳುತ್ತ ನಿಂತಿರುತ್ತಾರೆ. ಅವರಿಗೂ ಒಂದು ದಾರಿಯಿದೆ. ‘ದಿ ಕ್ವೀನ್ ಆಫ್ ಬ್ಯಾಸ್ಕೆಟ್‌ಬಾಲ್’ ಚಿತ್ರವನ್ನು ನ್ಯೂಯಾರ್ಕ್ ಟೈಮ್ಸ್ ಯೂಟ್ಯೂಬಿನಲ್ಲಿ ಹಾಕಿದೆ. 22 ನಿಮಿಷ, ಬಸ್ಸು ಬರುವುದರೊಳಗೆ ಆಗುತ್ತದೆ. ಕೈಗವಸು ಮಾತ್ರ ಒಂದು ಕೈಯದು ತೆಗೆಯಬೇಕು.